ತುಂಬಿದ ಬ್ಯಾಟರಿ ತುಳುಕುವುದಿಲ್ಲ

ಈ ತಿಂಗಳ ಕೊನೆಗೆ ಗುಬ್ಬಿ ಸತ್ತಿತೆಂದು ಘೋಷಿಸಿ ಕಡತ ಮುಚ್ಚಿ ಎಂದು ದೆಹಲಿಯಿಂದ ಆದೇಶ ಬಂತು. ಮಾರನೆಯ ಬೆಳಿಗ್ಗೆಯೇ ಗುಬ್ಬಿ ಕೂಗಿಕೊಂಡಿತು.

ಹಾಗೆಂದು ಕಿವಿಗುಡ್ಡದ ಆಂಟೆನಾ ಕೇಂದ್ರದಲ್ಲಿದ್ದವರೆಲ್ಲ ನಂಬಿದರು. ಗುಬ್ಬಿಯೆಂದರೆ ಕಾಳು ಹೆಕ್ಕುವ ಹಕ್ಕಿಯಲ್ಲ. ಬಟ್ಟೆಯ ಬೀರುವಿನಷ್ಟು ದೊಡ್ಡದಾದ ಒಂದು ನೌಕೆ. ನೆಪ್ಚೂನ್ ಗ್ರಹದ ಮಗ್ಗುಲಿಗೆ ಹೋಗಿ, ಅಲ್ಲಿಂದ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಮಾತು ಬಿಟ್ಟಿತ್ತು. ದಾರಿ ತಪ್ಪಿದರೆ ಏನು ಮಾಡಬೇಕೆಂದು ಅದಕ್ಕೆ ಹೊರಡುವಾಗಲೇ ಹೇಳಿಕೊಟ್ಟಿದ್ದರು: ಕಿವಿಗುಡ್ಡದಲ್ಲಿ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ತಲುಪುವಂತೆ ದಿನಕ್ಕೊಂದು ಸಲ ಕೂಗು, ಎರಡು ಗಿಡ್ಡ, ಒಂದು ಉದ್ದ. ಪಾಳಿ ಬದಲಾಗುವಾಗ ಕಂಟ್ರೋಲ್ ರೂಮಿನಲ್ಲಿ ಎರಡು ಪಾಳಿಯವರೂ ಇರುತ್ತಾರೆ, ಒಬ್ಬ ತೂಕಡಿಸಿದರೂ ಇನ್ನೊಬ್ಬನಿಗೆ ಕೇಳಿಸೀತು ಎಂಬುದು ಹಿರಿಯರ ಲೆಕ್ಕ. ಲೆಕ್ಕವೇನೋ ಜಾಣತನದ್ದೇ. ಆದರೆ ಆ ಹೊತ್ತಿಗೆ ಗುಡ್ಡದ ಮೇಲೆ ಇನ್ನೂ ಏನೇನು ನಡೆಯುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಹದಿನೈದು ದಿನ ರಿಪೇರಿಯಲ್ಲಿದ್ದ ರಿಸೀವರ್ ಅಂದೇ ಮತ್ತೆ ಚಾಲೂ ಆಗಿತ್ತು. ಆ ಬೆಳಿಗ್ಗೆ ಸ್ಪೀಕರಿನ ಮುಂದೆ ಕೂತಿದ್ದವನು ಚಿದಾನಂದ. ಆಂಟೆನಾಕ್ಕೆ ಬಿದ್ದ ರೇಡಿಯೋ ತರಂಗವನ್ನು ಸದ್ದಾಗಿಸಿ ಕೇಳುವುದು ಅವನ ಕೆಲಸ. ಕೇಳಿದ್ದನ್ನೆಲ್ಲ ಅನುಕರಿಸಿ ತೋರಿಸುವುದು ಅವನ ಚಟ. ಪ್ರೆಶರ್ ಕುಕ್ಕರಿನಿಂದ ಹಿಡಿದು ಪ್ರಧಾನ ವಿಜ್ಞಾನಿಯವರೆಗೆ ಅವನ ಗಂಟಲಿಗೆ ಬಾರದ್ದು ಗುಡ್ಡದ ಮೇಲೆ ಯಾವುದೂ ಇರಲಿಲ್ಲ. ಅಂಥವನ ಕಿವಿಗೆ ಸ್ಪೀಕರಿನಿಂದ 'ಟಿಕಿಟಿಕಿಟಿಕಿ... ಖರ್ರ್... ಗುಡುಗುಡುಗುಡು' ಎಂಬ ಸದ್ದು ಬಂತು. ಅದು ನಿಲ್ಲುವ ಹೊತ್ತಿಗೆ, ಬಾಲದಂತೆ, ತೆಳ್ಳಗೆ ಏನೋ ಒಂದು ಎಳೆದು ಅಳಿಸಿಹೋಯಿತು.

ಪ್ರಧಾನ ವಿಜ್ಞಾನಿ ಡಾಕ್ಟರ್ ರುಕ್ಮಾಂಗದ ಅವರು ಚಹಾದ ಲೋಟ ಹಿಡಿದುಕೊಂಡೇ ಓಡಿಬಂದರು. "ಅಂದ್ರೆ ಏನರ್ಥ?" ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುವುದು. ಊಟಕ್ಕೆ ಬನ್ನಿ ಸಾರ್ ಅಂದರೂ ಅಂದ್ರೆ ಏನರ್ಥ ಅನ್ನುವವರು.

"ಸಾರ್, ಹೊತ್ತು ಸರಿಯಾಗಿದೆ. ಆದ್ರೆ ಗುಬ್ಬಿದು ಒಂದೇ ತರಂಗಾಂತರ. ಇದು ಎಲ್ಲಾ ಕಡೆನೂ ಹರಡ್ಕೊಂಡಿದೆ."

"ರೀ ಚಿದಾನಂದ, ಎರಡು ವರ್ಷ ಉಪವಾಸ ಬಿದ್ದಿರೋನ ಗಂಟಲು ಸರಿಯಾಗಿರುತ್ತೇನ್ರೀ? ಒಡೆದಿದೆ. ಕೆಮ್ತಾ ಇದೆ ಪಾಪ!" ಎಂದು ರುಕ್ಮಾಂಗದರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ನೌಕೆಯ ಮೊದಲ ನಕ್ಷೆ ಬರೆದಾಗ ಅವರ ತಲೆಯಲ್ಲಿ ಪೂರಾ ಕೂದಲಿತ್ತು.

ಚಿದಾನಂದನಿಗೂ ನಂಬುವ ಆಸೆ. ನಂಬಿದ.

*

ಕಿವಿಗುಡ್ಡದ ಮೇಲೆ ಬದುಕುವುದೆಂದರೆ ಕಿವಿಯೊಳಗೆ ಸಂಸಾರ ಹೂಡಿದಂತೆ. ಮೊಬೈಲ್ ಇಲ್ಲ, ಜನರೇಟರ್ ಇಲ್ಲ, ಹೊರಗಿನ ಮಾತಿಗೆ ತಂತಿಯ ಫೋನು. ಪೆಟ್ರೋಲ್ ಎಂಜಿನ್ನಂತೂ ಕೂಡದೇ ಕೂಡದು. ಸ್ಪಾರ್ಕ್ ಪ್ಲಗ್ಗಿನ ಒಂದೊಂದು ಕಿಡಿಯೂ ಒಂದೊಂದು ಮರಿ ಮಿಂಚು. ನೆಪ್ಚೂನಿನಿಂದ ಬರುವ ಪಿಸುಮಾತಿನ ಮುಂದೆ ಅದು ಕಿವಿಯ ಪಕ್ಕದಲ್ಲೇ ಸಿಡಿಸಿದ ಪಟಾಕಿ. ಆದ್ದರಿಂದ ಕ್ವಾರ್ಟರ್ಸಿನವರು ಇಡಬಹುದಾದದ್ದು ಪ್ಲಗ್-ಇನ್ ಹೈಬ್ರಿಡ್ ಕಾರು ಮಾತ್ರ: ಗುಡ್ಡದ ಮೇಲೆ ಬ್ಯಾಟರಿಯಲ್ಲಿ ಓಡಬೇಕು, ಕೆಳಗಿನ ಗೇಟು ದಾಟಿದ ಮೇಲೆ ಬೇಕಾದರೆ ಪೆಟ್ರೋಲು. ಗುಡ್ಡದಲ್ಲಿ ಎಂಜಿನ್ ಸದ್ದು ಕೇಳಿತೋ, ಕಾರಿನ ಪರವಾನಗಿ ರದ್ದು.

ಚಿದಾನಂದನ ಹೆಂಡತಿ ಶಾಂಭವಿ ಗುಡ್ಡದ ಕೆಳಗಿನ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬೆಳಿಗ್ಗೆ ಕಾರಿನಲ್ಲಿ ಇಳಿದು ಹೋಗುವವಳು. ಗುಬ್ಬಿ ಕೂಗಿದ ದಿನ ಸಂಜೆ ಚಿದಾನಂದ ಕುಣಿಯುತ್ತ ಮನೆಗೆ ಬಂದರೆ, ಅವಳು ಬಾಗಿಲಲ್ಲೇ ಹಿಡಿದಳು.

"ರೀ, ಹತ್ತು ಹದಿನೈದು ದಿನದಿಂದ ಈ ಕಾರಿಗೆ ಏನೋ ಆಗಿದೆ. ನಾನು ಪೆಟ್ರೋಲ್ ಕೇಳ್ಲೇ ಇಲ್ಲ, ಎರಡನೇ ತಿರುವಲ್ಲಿ ಅದಾಗಿದ್ದೇ ಎಂಜಿನ್ ಸ್ಟಾರ್ಟ್ ಆಗುತ್ತೆ."

"ಕಾಲು ಜೋರಾಗಿ ಒತ್ತಿರ್ತೀಯ."

"ಇಳಿಜಾರಲ್ಲಿ ಯಾಕ್ರೀ ಒತ್ಲಿ? ಬ್ರೇಕ್ ಹಿಡಿದಿರ್ತೀನಿ! ಎಸಿ ಹಾಕಿದ್ರೆ ಹಾಗಾಗುತ್ತೆ ಅಂದ್ರು ಗ್ಯಾರೇಜಿನವರು, ಎಸಿ ಆರಿಸಿ ಬೆವೆತ್ಕೊಂಡು ಹೋದೆ. ಹಳೇ ಪೆಟ್ರೋಲ್ ಕೊಳೀಬಾರ್ದು ಅಂತ ಅದೇ ಸುಟ್ಕೊಳ್ಳುತ್ತೆ ಅಂದ್ರು, ಹೊಸದು ಹಾಕಿಸ್ದೆ. ಬಾನೆಟ್ ಸರಿಯಾಗಿ ಮುಚ್ಚಿಲ್ಲ ಅಂದ್ರು, ಅದರ ಮೇಲೆ ಹತ್ತಿ ಕೂತೆ. ಅರವತ್ತು ಕಿಲೋಮೀಟರ್ ಬ್ಯಾಟರಿಲೇ ಓಡ್ತೀನಿ ಅಂತ ಪರದೆ ಮೇಲೆ ಬರ್ಕೊಂಡು, ಮನೆ ಬಿಟ್ಟು ಎರಡು ತಿರುವಿಗೆ ಎಂಜಿನ್ ಎಬ್ಬಿಸುತ್ತಲ್ಲ, ಇದಕ್ಕೇನು ನಾಚಿಕೆ ಬೇಡ್ವಾ?"

"ಪರದೆ ಮೇಲೆ ಏನಾದ್ರೂ ಬರುತ್ತಾ?"

ಶಾಂಭವಿ ಕಾರಿನ ದನಿಯಲ್ಲಿ ಹೇಳಿದಳು: "ವಾಹನದ ಅಗತ್ಯಕ್ಕೆ ಅನುಸಾರವಾಗಿ ಎಂಜಿನ್ ಚಾಲನೆಯಲ್ಲಿದೆ. ಧನ್ಯವಾದಗಳು." ಗಂಡನ ಜೊತೆ ಬಾಳಿ ಅವಳಿಗೂ ಒಂದಿಷ್ಟು ಮಿಮಿಕ್ರಿ ಅಂಟಿತ್ತು. "ಏನಪ್ಪಾ ನಿನ್ನ ಅಗತ್ಯ ಅಂತ ಕೇಳಿದ್ರೆ ಧನ್ಯವಾದ ಅನ್ನುತ್ತೆ. ಮೇಲಿನವರಿಗೆ ಹೇಳೋಣ ಅಂದ್ರೆ ಪರವಾನಗಿ ಕಿತ್ಕೋತಾರೆ. ನಾನು ಶಾಲೆಗೆ ಹಾರ್ಕೊಂಡು ಹೋಗ್ಲಾ?"

"ನೋಡೋಣ ಬಿಡು," ಎಂದ ಚಿದಾನಂದ. ಕೋಟ್ಯಂತರ ಮೈಲಿ ದೂರದ ಗುಬ್ಬಿಗೆ ಎರಡೂ ಕಿವಿ ಕೊಟ್ಟಿದ್ದವನಲ್ಲಿ ಮಗ್ಗುಲಿನ ಹೆಂಡತಿಗೆಂದು ಅರೆಕಿವಿಯೂ ಉಳಿದಿರಲಿಲ್ಲ.

ಅಂಗಳದಲ್ಲಿ ಅವನ ತಾಯಿ ಪುಟ್ಟಲಕ್ಷ್ಮಮ್ಮ ಕಾರಿಗೆ ವೈರು ಸಿಕ್ಕಿಸುತ್ತಿದ್ದರು. ಕಾರನ್ನು ಚಾರ್ಜ್ ಮಾಡುವ ಚಾರ್ಜನ್ನು ಮನೆಯಲ್ಲಿ ಈಚೆಗೆ ಅವರೇ ವಹಿಸಿಕೊಂಡಿದ್ದರು. ಶಾಂಭವಿ ಶೇಕಡಾ ಎಂಬತ್ತಕ್ಕೆ ನಿಲ್ಲುವಂತೆ ಗುಂಡಿ ತಿರುಗಿಸಿಟ್ಟರೆ, ಇವರು ಬೆಳಿಗ್ಗೆ ಎದ್ದು ರಂಗೋಲಿ ಹಾಕಿ, ಅದನ್ನು ನೂರಕ್ಕೆ ತಿರುಗಿಸುತ್ತಿದ್ದರು. ಅವರ ಗಂಡ, ಎಂದರೆ ಚಿದಾನಂದನ ತಂದೆ, ಜೀವಮಾನವೆಲ್ಲ ಸ್ಕೂಟರನ್ನು ರಿಸರ್ವಿನಲ್ಲೇ ಓಡಿಸಿದವರು. ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಮನೆಯಿಂದ ಹೊರಡುವವರಿಗೆ ತುಂಬಿದ ಕೊಡ ಎದುರಾಗಬೇಕು, ಅರೆಕೊಡ ಎದುರಾದರೆ ಹೋದ ಕೆಲಸ ಅರ್ಧಕ್ಕೇ ನಿಂತಿತು ಎಂಬ ನಂಬಿಕೆ ಅವರಿಗೆ ಅಲ್ಲಿಂದ ಗಟ್ಟಿಯಾಗಿತ್ತು. ಈಗ ಕೊಡ ಹೊತ್ತು ಎದುರಿಗೆ ಬರುವವರು ಯಾರು? ಅದಕ್ಕೇ ಬ್ಯಾಟರಿಯನ್ನೇ ಕೊಡ ಮಾಡಿಕೊಂಡಿದ್ದರು. ಪರದೆಯ ಮೇಲಿನ ಹಸಿರು ಪಟ್ಟಿ ಕಂಠದವರೆಗೆ ತುಂಬಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸೊಸೆಯನ್ನು ಕಳಿಸುತ್ತಿದ್ದರು.

*

ಮರುದಿನವೂ ಗುಬ್ಬಿ ಕೆಮ್ಮಿತು. ಅದರ ಮರುದಿನವೂ. ರುಕ್ಮಾಂಗದರು ದೆಹಲಿಗೆ ಫೋನು ಮಾಡಿ, "ಬದುಕಿದೆ, ಗಂಟಲು ಕೆಟ್ಟಿದೆ," ಎಂದರು. ಅಲ್ಲಿಯವರು ತಿಂಗಳ ಕೊನೆಯೊಳಗೆ ರುಜುವಾತು ಕೊಡಿ, ಇಲ್ಲವಾದರೆ ಆಂಟೆನಾವನ್ನು ಬೇರೆ ಕೆಲಸಕ್ಕೆ ತಿರುಗಿಸುತ್ತೇವೆ ಎಂದರು.

ರುಜುವಾತು ಹುಡುಕಹೊರಟದ್ದೇ ಗೊಂದಲ ಶುರುವಾಯಿತು. ಕೆಲವು ದಿನ ಗುಬ್ಬಿ ಬಾಯಿಯೇ ತೆರೆಯುತ್ತಿರಲಿಲ್ಲ. ಯಾವ ದಿನ ಎಂದು ನೋಡಿದರೆ, ಹಿಂದಿನ ರಾತ್ರಿ ಗುಡ್ಡದಲ್ಲಿ ಕರೆಂಟು ಹೋದ ದಿನ!

"ಅಂದ್ರೆ ಏನರ್ಥ?" ಎಂದರು ರುಕ್ಮಾಂಗದರು. ಈ ಸಲ ಅವರಿಗೆ ನಿಜಕ್ಕೂ ಅರ್ಥ ಬೇಕಾಗಿತ್ತು. "ಕರೆಂಟು ಹೋದ್ರೆ ರಿಸೀವರ್ ತಂಪು ಕಳ್ಕೊಳ್ಳುತ್ತೆ, ಅರೆಕಿವುಡಾಗುತ್ತೆ, ಒಪ್ತೀನಿ. ಮಧ್ಯಾಹ್ನದವರೆಗೆ ಪಿಸುಮಾತು ಕೇಳ್ಸೋದಿಲ್ಲ. ಆದ್ರೆ ಇದು ಪಿಸುಮಾತಲ್ವಲ್ರೀ, ಕಿರುಚಾಟ! ಕಿವುಡನಿಗೂ ಕೇಳ್ಬೇಕು."

"ನಮ್ಮೂರ ಲೈನ್‌ಮನ್ನಿಗೂ ನೆಪ್ಚೂನಿಗೂ ಏನೋ ಒಳಒಪ್ಪಂದ ಇರ್ಬೇಕು ಸಾರ್."

"ಭಾನುವಾರ ಏನಾಗುತ್ತೆ?"

"ಭಾನುವಾರ ಆಂಟೆನಾಕ್ಕೆ ಎಣ್ಣೆಸ್ನಾನ ಸಾರ್." ಬೇರಿಂಗುಗಳಿಗೆ ಗ್ರೀಸು ಬಳಿಯಲು ಭಾನುವಾರ ಬೆಳಿಗ್ಗೆ ಆಂಟೆನಾದ ತಟ್ಟೆಯನ್ನು ನೆಲದತ್ತ ಬಾಗಿಸಿ ಇಡುವುದು ಗುಡ್ಡದ ಹಳೆಯ ರೂಢಿ. ಅಂದು ಅದಕ್ಕೆ ಏನೂ ಕೇಳಿಸದು.

ರುಕ್ಮಾಂಗದರು ತಲೆ ಕೆರೆದುಕೊಂಡರು. ಕೆರೆದುಕೊಳ್ಳಲು ಕೂದಲಿಲ್ಲದೆ ಅದೂ ಸರಿಯಾಗಿ ಆಗಲಿಲ್ಲ.

*

ತಿಂಗಳು ಮುಗಿಯಲು ಎರಡೇ ದಿನ ಇದ್ದಾಗ, ಬೆಳಗಿನ ತಿಂಡಿಗೆ ಕೂತು ಚಿದಾನಂದ ತಾಯಿಗೆ ಗುಬ್ಬಿಯ ಮಿಮಿಕ್ರಿ ಮಾಡಿ ತೋರಿಸಿದ. ಅಕ್ಕಿರೊಟ್ಟಿಯ ತುಣುಕನ್ನು ದವಡೆಗೆ ಒತ್ತಿಕೊಂಡು, ಕೆನ್ನೆ ಉಬ್ಬಿಸಿ, "ಟಿಕಿಟಿಕಿಟಿಕಿ... ಖರ್ರ್... ಗುಡುಗುಡುಗುಡು."

ಪುಟ್ಟಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಗುಬ್ಬಿ ಅಂತಾನೆ, ಎಮ್ಮೆ ಕೆಮ್ಮಿದ ಹಾಗಿದೆ ಕಣೋ!"

ಅಡುಗೆಮನೆಯಿಂದ ಶಾಂಭವಿ ಚಟ್ನಿಯ ಸೌಟು ಹಿಡಿದೇ ಬಂದಳು. "ಏನ್ರೀ ಇದು, ಬೆಳಿಗ್ಗೆ ಬೆಳಿಗ್ಗೆ ನಮ್ಮ ಕಾರನ್ನ ಆಡ್ಕೊಳ್ತಿದ್ದೀರ?"

"ಕಾರಲ್ವೇ, ಗುಬ್ಬಿ."

"ಆಣೆ ಮಾಡಿ ಹೇಳ್ತೀನಿ, ಇದು ಕಾರು. ಎರಡನೇ ತಿರುವಲ್ಲಿ ಹೀಗೇ. ಮೊದಲು ಟಿಕಿಟಿಕಿ, ಆಮೇಲೆ ಖರ್ರ್, ಆಮೇಲೆ ನನ್ನ ಎದೆ ಗುಡುಗುಡು. ಇನ್ನೊಂದ್ಸಲ ಮಾಡಿ?"

ಚಿದಾನಂದ ಇನ್ನೊಂದು ಸಲ ಮಾಡಿದ. ಮಾಡುತ್ತ ಮಾಡುತ್ತ ಅವನ ದನಿ ಇಳಿಯಿತು. "ಕೊನೇಲಿ ಒಂದು ಬಾಲ ಇದೆ. ತೆಳ್ಳಗೆ. ಅದು ಮಾತ್ರ ನನಗೆ ಬರ್ತಾ ಇಲ್ಲ," ಎಂದ, ಮುಳುಗುವವನು ಕಡ್ಡಿ ಹಿಡಿಯುವಂತೆ.

"ಬಾಲಗೀಲ ನಮ್ಮ ಕಾರಿಗಿಲ್ಲ. ಉಳಿದದ್ದೆಲ್ಲ ಅದೇ," ಎಂದಳು ಶಾಂಭವಿ.

ಚಿದಾನಂದ ಕೈ ತೊಳೆಯದೆ ಎದ್ದ. ಆ ದಿನ ಪಾಳಿಯನ್ನು ಜೊತೆಯವನಿಗೆ ಒಪ್ಪಿಸಿ ಕಾರಿನಲ್ಲಿ ಹೆಂಡತಿಯ ಪಕ್ಕ ಕೂತ. ಬ್ಯಾಟರಿ ನೂರಕ್ಕೆ ನೂರು. ಅಮ್ಮ ನೋಡಿಯೇ ಕಳಿಸಿದ್ದರು. ಮೊದಲ ತಿರುವಿನವರೆಗೆ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಸದ್ದಿಲ್ಲದೆ ಇಳಿಯಿತು. ಎರಡನೆಯ ತಿರುವಿನಲ್ಲಿ ಇಳಿಜಾರು ಕಡಿದಾಯಿತು, ಶಾಂಭವಿ ಬ್ರೇಕ್ ಹಿಡಿದಳು.

ಟಿಕಿಟಿಕಿಟಿಕಿ. ಖರ್ರ್. ಗುಡುಗುಡುಗುಡು.

ವಾಹನದ ಅಗತ್ಯಕ್ಕೆ ಅನುಸಾರವಾಗಿ ಎಂಜಿನ್ ಚಾಲನೆಯಲ್ಲಿದೆ. ಧನ್ಯವಾದಗಳು.

"ನಿಲ್ಸು," ಎಂದ ಚಿದಾನಂದ. ದಾರಿಯ ಬದಿಯ ಬಂಡೆಯ ಮೇಲೆ ಕೂತು ಇಬ್ಬರೂ ಯೋಚಿಸಿದರು. ಬ್ರೇಕ್ ಹಿಡಿದಾಗ ಇಂಥ ಕಾರು ತನ್ನ ವೇಗವನ್ನು ಕರೆಂಟಾಗಿಸಿ ಬ್ಯಾಟರಿಗೆ ವಾಪಸು ತುಂಬುತ್ತದೆ. ಅದೇ ಅದರ ಬ್ರೇಕು. ಆದರೆ ಬ್ಯಾಟರಿಯಲ್ಲಿ ಜಾಗವೇ ಇಲ್ಲದಿದ್ದರೆ?

"ಆ ಕರೆಂಟು ಎಲ್ಲಿಗೆ ಹೋಗ್ಬೇಕು?" ಎಂದಳು ಶಾಂಭವಿ, ತರಗತಿಯಲ್ಲಿ ಕೇಳುವಂತೆ. "ಹೋಗೋಕೆ ಜಾಗ ಇಲ್ಲ. ಕಾರಿಗೆ ಗಾಬರಿ. ಎಂಜಿನ್ ಎಬ್ಬಿಸಿ ಅದರ ಭಾರದಲ್ಲಿ ವೇಗ ತಡೀತಾ ಇದೆ. ಪೆಟ್ರೋಲ್ ಬೇಕಾಗಿ ಅಲ್ಲಾರೀ ಸ್ಟಾರ್ಟ್ ಆಗೋದು. ಕರೆಂಟು ಜಾಸ್ತಿಯಾಗಿ!"

ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಕಟ್ಟಿದವರು ಕೊಡವನ್ನು ಇಳಿಜಾರಿನಲ್ಲಿ ಹೊತ್ತು ಓಡಿದವರಲ್ಲ. ಕರೆಂಟು ಹೋದ ದಿನ ಗುಬ್ಬಿ ಯಾಕೆ ಕೂಗುತ್ತಿರಲಿಲ್ಲ ಎಂಬುದೂ ಚಿದಾನಂದನಿಗೆ ಹೊಳೆಯಿತು: ಅಂದು ಅಮ್ಮನಿಗೆ ಬ್ಯಾಟರಿ ತುಂಬಿಸಲು ಆಗುತ್ತಿರಲಿಲ್ಲ. ಅರೆಬ್ಯಾಟರಿಯ ಕಾರು ಬಾಯಿ ಮುಚ್ಚಿಕೊಂಡು ಇಳಿಯುತ್ತಿತ್ತು. ಒಟ್ಟಿನಲ್ಲಿ ನೆಪ್ಚೂನಿನ ಮಗ್ಗುಲಲ್ಲಿ ಕೆಮ್ಮುತ್ತಿದ್ದದ್ದು ಅವನ ಮನೆಯ ಕಾರು. ದೆಹಲಿಗೇ ಗುಬ್ಬಿ ಬದುಕಿದೆ ಎಂದು ಹೇಳಿ ಕಣ್ಣೊರೆಸಿಕೊಂಡಿದ್ದರಲ್ಲ ರುಕ್ಮಾಂಗದರು, ಅವರಿಗೆ ಇದನ್ನು ಹೇಳುವ ಬಾಯಿ ಅವನ ನೂರು ದನಿಗಳಲ್ಲಿ ಯಾವುದಕ್ಕಿತ್ತು?

"ಹೇಳ್ಬೇಡಿ," ಎಂದಳು ಶಾಂಭವಿ ಮೆಲ್ಲಗೆ. ಮರುಗಳಿಗೆಗೆ ತಾನೇ ಅಂದಳು: "ಇಲ್ಲ, ಹೇಳ್ಬೇಕು. ಪರವಾನಗಿ ಹೋದ್ರೆ ಹೋಗ್ಲಿ. ಮಕ್ಕಳಿಗೆ ಲೆಕ್ಕ ತಪ್ಪಾದ್ರೆ ಒಪ್ಕೊಳ್ಳಿ ಅಂತ ನಾನೇ ಹೇಳ್ತೀನಲ್ಲ."

*

ಅವನು ತನ್ನ ಸ್ವಂತ ದನಿಯಲ್ಲೇ ಹೇಳಿದ. ಕಾರು, ತಿರುವು, ಅಮ್ಮನ ನೂರು, ಎಲ್ಲವನ್ನೂ.

ರುಕ್ಮಾಂಗದರು ಅಂದ್ರೆ ಏನರ್ಥ ಎಂದು ಕೇಳಲಿಲ್ಲ. ಅದೇ ಚಿದಾನಂದನಿಗೆ ಹೆದರಿಕೆ ಹುಟ್ಟಿಸಿತು. ಕಿಟಕಿಯಾಚೆ ಆಕಾಶಕ್ಕೆ ಕಿವಿಯೊಡ್ಡಿ ನಿಂತ ಬಿಳಿಯ ತಟ್ಟೆಯತ್ತ ಅವರು ತಿರುಗಿದರು.

"ನಿಮ್ಮ ಮಾತು ಸಾಬೀತಾಗ್ಬೇಕು," ಎಂದರು. "ನಾಳೆ ಕೊನೇ ದಿನ. ಕಾರು ಹೊರಡ್ಲಿ, ಅದೇ ಹೊತ್ತಿಗೆ, ಅದೇ ದಾರೀಲಿ. ಬ್ಯಾಟರಿ ಮಾತ್ರ ತುಂಬಿರಬಾರ್ದು. ಸದ್ದು ಬರ್ಲಿಲ್ಲ ಅಂದ್ರೆ ಗುಬ್ಬಿ ಇಲ್ಲ ಅಂತ ನಾನೇ ಬರೆದು ಕೊಡ್ತೀನಿ. ಎರಡು ವರ್ಷ ಏನೇನೋ ಕೇಳಿದ್ವಿ. ಹೋಗೋ ಮುಂಚೆ ಒಂದು ಬೆಳಿಗ್ಗೆ ಮೌನವನ್ನಾದ್ರೂ ಸರಿಯಾಗಿ ಕೇಳೋಣ."

ಸುಲಭವಾಗಿ ಅಂದುಬಿಟ್ಟರು. ಪುಟ್ಟಲಕ್ಷ್ಮಮ್ಮನಿಗೆ ಹೇಳುವವರು ಯಾರು?

"ಅರ್ಧ ತುಂಬಿಸಿ ಕಳಿಸ್ಬೇಕಾ?" ಎಂದರು ಅವರು, ಯಾರೋ ಸೊಸೆಯನ್ನು ಬರಿಹಣೆಯಲ್ಲಿ ಕಳಿಸು ಎಂದಹಾಗೆ. "ನಿಮ್ಮಪ್ಪ ಸ್ಕೂಟರ್ ತಳ್ಕೊಂಡು ಬಂದಿದ್ದು ಸಾಲ್ದಾ?"

"ಅಮ್ಮ, ಗುಡ್ಡ ಇಳೀತಾ ಇಳೀತಾ ಅದು ತಾನೇ ತುಂಬ್ಕೊಳ್ಳುತ್ತೆ. ನೀನು ಮೊದಲೇ ಕಂಠಪೂರ್ತಿ ತುಂಬಿಸಿಬಿಟ್ರೆ ಅದಕ್ಕೆ ಜಾಗ ಎಲ್ಲಿ? ಹೊಟ್ಟೆ ತುಂಬ ಉಣಿಸಿ ಕಳಿಸಿದ ಮದುವೆಮನೆ ನೆಂಟರಿಗೆ ದಾರೀಲಿ ಇನ್ನೊಬ್ಬರು ಹೋಳಿಗೆ ಬಡಿಸಿದ ಹಾಗೆ."

"ಇಳಿಯೋವಾಗ ತುಂಬೋ ಕೊಡ ಎಲ್ಲಾದ್ರೂ ಉಂಟೇನೋ?"

"ಇದು ಅಂಥ ಕೊಡ ಅತ್ತೆ," ಎಂದಳು ಶಾಂಭವಿ. "ಕೊಟ್ಟಷ್ಟೂ ಬೇಕು ಅನ್ನಲ್ಲ, ಸ್ವಲ್ಪ ಜಾಗ ಬಿಡಿ ಅನ್ನುತ್ತೆ."

ಮುದುಕಿ ಮಗನನ್ನು ದಿಟ್ಟಿಸಿ, "ನಾನು ನೂರು ಮಾಡಿದ್ದಕ್ಕೇ ಇಷ್ಟೆಲ್ಲಾ ಎಡವಟ್ಟಾಯ್ತಾ?" ಎಂದರು.

ಚಿದಾನಂದ ಕುಕ್ಕರಿನ ಸೀಟಿ ಹಾಕಿದ. ಯಾರೂ ನಗಲಿಲ್ಲ.

"ಆಯ್ತು," ಎಂದು ಎದ್ದರು ಪುಟ್ಟಲಕ್ಷ್ಮಮ್ಮ. "ಕಾರು ಹೇಗಾದ್ರೂ ಹೋಗ್ಲಿ. ಬಾಗಿಲಲ್ಲಿ ಒಂದು ನಿಜವಾದ ಕೊಡ ಇಡೋದಕ್ಕೆ ನಿಮ್ಮ ಗುಡ್ಡದ ಕಾನೂನಲ್ಲಿ ತಕರಾರಿಲ್ವಲ್ಲ?" ಅಟ್ಟದ ಮೇಲಿಂದ ಹಳೆಯ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು.

*

ಮರುದಿನ ಬೆಳಿಗ್ಗೆ ಎರಡೂ ಪಾಳಿಯವರು ಕಂಟ್ರೋಲ್ ರೂಮಿನಲ್ಲಿ ಸೇರಿದರು. ರಾತ್ರಿ ಕರೆಂಟು ಹೋಗಿರಲಿಲ್ಲ. ರಿಸೀವರ್ ಕೊರೆಯುವಷ್ಟು ತಣ್ಣಗಿತ್ತು. ರುಕ್ಮಾಂಗದರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು, ಸಾವಿನ ಮನೆಗೆ ಹೊರಟವರಂತೆ.

ಚಿದಾನಂದನಿಗೆ ಮನೆಯ ಬಾಗಿಲು ಕಣ್ಣಿಗೆ ಕಟ್ಟಿದಂತಿತ್ತು. ಹೊಸ್ತಿಲ ಪಕ್ಕ ನೀರು ತುಂಬಿದ ತಾಮ್ರದ ಕೊಡ, ಅದನ್ನು ನೋಡಿಕೊಂಡು ಕಾರು ಹತ್ತಿದ ಶಾಂಭವಿ, ಎಂಬತ್ತಕ್ಕೆ ನಿಂತ ಹಸಿರು ಪಟ್ಟಿಯ ಕಡೆ ಬೇಕೆಂದೇ ನೋಡದ ಅಮ್ಮ. ಈಗ ಮೊದಲ ತಿರುವು. ಈಗ ಎರಡನೆಯದು. ಅವನಿಗೆ ಗೊತ್ತಿಲ್ಲದೆಯೇ ಅವನ ಕಾಲು ನೆಲದ ಮೇಲೆ ಬ್ರೇಕ್ ಒತ್ತಿತು.

ಸ್ಪೀಕರಿನಲ್ಲಿ ಟಿಕಿಟಿಕಿ ಇಲ್ಲ. ಖರ್ರ್ ಇಲ್ಲ. ಆಕಾಶದ ಹಳೆಯ ಮಂದ ಸುಯ್‌ಗುಟ್ಟುವಿಕೆ ಮಾತ್ರ.

ರುಕ್ಮಾಂಗದರು ಕಿಸೆಯ ಪೆನ್ನಿಗೆ ಕೈ ಹಾಕಿದರು.

ಆಗ ಸ್ಪೀಕರು, ಬಹಳ ತೆಳ್ಳಗೆ, ಬಹಳ ಸಂಕೋಚದಿಂದ, ಏನೋ ಅಂದಿತು. ಒಂದು ಗಿಡ್ಡ. ಇನ್ನೊಂದು ಗಿಡ್ಡ. ಆಮೇಲೆ ಒಂದು ಉದ್ದ, ಎಳೆದು ಎಳೆದು, ಅಳಿಸಿಹೋಯಿತು.

ಅದೇ ಬಾಲ! ಚಿದಾನಂದನ ಗಂಟಲಿಗೆ ಇಷ್ಟು ದಿನ ಬಾರದಿದ್ದ ಬಾಲ.

"ಕಾರು!" ಎಂದರು ರುಕ್ಮಾಂಗದರು ಬಿಳಿಚಿಕೊಂಡು. "ಎಂಜಿನ್ ಸ್ಟಾರ್ಟ್ ಆಗಿರ್ಬೇಕು. ಮತ್ತೆ ಮೋಸ!"

ತಂತಿಯ ಫೋನು ಗಂಟೆ ಹೊಡೆಯಿತು. ಕೆಳಗಿನ ಗೇಟಿನಿಂದ ಶಾಂಭವಿ ಏದುಸಿರು ಬಿಡುತ್ತ ಕೂಗಿದಳು: "ರೀ, ಸ್ಟಾರ್ಟ್ ಆಗ್ಲಿಲ್ಲ! ಒಂದ್ಸಲಾನೂ ಇಲ್ಲ! ಎಂಬತ್ತಿದ್ದಿದ್ದು ಎಂಬತ್ತಾರಾಗಿದೆ, ಅತ್ತೆಗೆ ಹೇಳಿ, ಇಳಿಯೋವಾಗ ತುಂಬ್ತು ಅಂತ!"

ಚಿದಾನಂದ ಫೋನನ್ನು ಕಿವಿಗೆ ಹಿಡಿದೇ ನಿಂತ. ಕಾರು ಸುಮ್ಮನಿತ್ತು. ಹಾಗಾದರೆ ಕೂಗಿದ್ದು ಯಾರು? ಎರಡು ಗಿಡ್ಡ, ಒಂದು ಉದ್ದ. ಯಾವ ಬೆಳಿಗ್ಗೆಯಿಂದಲೋ, ಹೇಳಿಕೊಟ್ಟ ಹೊತ್ತಿಗೆ ಸರಿಯಾಗಿ, ಗುಬ್ಬಿ ದಿನಾ ಕೂಗುತ್ತಲೇ ಇತ್ತು. ದಿನಾ ಅದೇ ಹೊತ್ತಿಗೆ ಎರಡನೇ ತಿರುವಿನಲ್ಲಿ ಕಾರು ಅದರ ಬಾಯಿ ಮುಚ್ಚಿಸುತ್ತಿತ್ತು. ಕಾರು ಸುಮ್ಮನಿದ್ದ ದಿನ ಕರೆಂಟಿಲ್ಲದೆ ಇವರ ಕಿವಿಯೇ ಮಂದ. ಭಾನುವಾರ ಆ ಕಿವಿಗೆ ಎಣ್ಣೆಸ್ನಾನ. ಅವರು ಬದುಕಿದೆ ಎಂದು ಸಂಭ್ರಮಿಸಿದ್ದು ಸುಳ್ಳನ್ನು ಕೇಳಿ. ಆದರೆ ಸುಳ್ಳಿನ ಬಾಲದಲ್ಲಿ ನಿಜ ನೇತಾಡುತ್ತಿತ್ತು.

"ಅಂದ್ರೆ..." ಎಂದರು ರುಕ್ಮಾಂಗದರು. "ಅಂದ್ರೆ..." ಮುಂದಿನದು ಅವರಿಗೆ ಹೊರಡಲಿಲ್ಲ.

"ಏನರ್ಥ," ಎಂದು ಚಿದಾನಂದ ಅವರದೇ ದನಿಯಲ್ಲಿ ಮುಗಿಸಿಕೊಟ್ಟ. ಅವರು ಅವನನ್ನು ಬೈಯಲಿಲ್ಲ, ಅಪ್ಪಿಕೊಂಡರು.

ಕಣ್ಣು ಮೂಗು ಒರೆಸಿಕೊಂಡು ಅವನು ಮನೆಗೆ ಫೋನು ಮಾಡಿದ. ಅಮ್ಮ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, "ನಾನು ಹೇಳಿರ್ಲಿಲ್ವಾ?" ಎಂದರು. "ಬಾಗಿಲಲ್ಲಿ ತುಂಬಿದ ಕೊಡ ಇಟ್ಟೆ, ಗುಬ್ಬಿ ಸಿಕ್ತು. ನಿಮ್ಮ ತಟ್ಟೆ ಎರಡು ವರ್ಷ ಮಾಡಕ್ಕಾಗ್ದಿದ್ದನ್ನ ನನ್ನ ಕೊಡ ಒಂದೇ ಬೆಳಿಗ್ಗೆ ಮಾಡ್ತು."

"ಅಮ್ಮ, ಅದು ಹಾಗಲ್ಲ..." ಎಂದು ಶುರುಮಾಡಿದ ಚಿದಾನಂದ, ವಿಜ್ಞಾನಿಗಳ ಗುಡ್ಡದಲ್ಲಿ ಹತ್ತು ವರ್ಷ ಸಂಬಳ ತಿಂದವನು. ಕೊಡ ಇಡದಿದ್ದರೆ ಅಮ್ಮ ಬ್ಯಾಟರಿಯನ್ನು ನೂರಕ್ಕೆ ತುಂಬಿಸದೆ ಬಿಡುತ್ತಿರಲಿಲ್ಲ. ಬ್ಯಾಟರಿ ತುಂಬಿದ್ದರೆ ಎಂಜಿನ್ ಎದ್ದಿರುತ್ತಿತ್ತು. ಎಂಜಿನ್ ಎದ್ದಿದ್ದರೆ... ಅವನು ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಹಾಕಿ ನೋಡಿದ, ಕೆಳಗಿನಿಂದ ಮೇಲಕ್ಕೂ ಹಾಕಿ ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ.

"ಹೂಂ ಅಮ್ಮ," ಎಂದ. "ಹಾಗೇ. ನಾಳೇನೂ ಇಡು."